ಆರನೆಯ ಹಾಡಿನ ದನಿ

ಕರಾಕೋಲ್,
ನವೆಂಬರ್ ೧೪

ನನ್ನ ಬೆರ್ಮೆತ್ ಕಂದಾ,

ಹೇಗಿದ್ದೀಯೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಹಾಡಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತೀಯೋ? ಅಲ್ಮಾಟಿಯ ಚಳಿ ಇಲ್ಲಿಗಿಂತ ಕಡಿಮೆ ಎನ್ನುತ್ತಾರೆ, ನಂಬಬೇಡ, ಕಿವಿ ಮುಚ್ಚಿಕೊಂಡೇ ಓಡಾಡು. ನನ್ನ ಮಂಡಿ ನನ್ನ ಮಾತು ಕೇಳುವುದಿಲ್ಲ, ಉಳಿದಂತೆ ಗಟ್ಟಿಯಾಗಿದ್ದೇನೆ.

ನಿನ್ನ ಮೊದಲ ಆಲ್ಬಂ ಬಂದಾಗಿನಿಂದ ಪಕ್ಕದ ಮನೆಯ ಸಗಿನ್ ಮೇಷ್ಟ್ರಿಗೆ ನಮ್ಮ ಮನೆಯ ಚಹಾವೇ ಗತಿ. ಯಾರು ಏನು ಬರೆದರೂ ಫೋನಿನಲ್ಲಿ ಹುಡುಕಿ ತಂದು ಓದುತ್ತಾರೆ. ಮಾಸ್ಕೋದವನೊಬ್ಬ "ನೀರಿನೊಳಗೆ ಕಂಡ ಕನಸು" ಎಂದು ಬರೆದಿದ್ದಾನಂತೆ, ನಿನ್ನದು ಸೈಕೆಡೆಲಿಕ್ ಪಾಪ್ ಅಂತೆ. "ಸೈಕೆಡೆಲಿಕ್ ಪಾಪ್ ಅಂದ್ರೆ ಏನ್ರೀ ಅದು?" ಎಂದು ಕೇಳಿದೆ. "ಕುಡೀದೇ ಇದ್ರೂ ಗೋಡೆ ಬಣ್ಣಬಣ್ಣವಾಗಿ ಓಡಾಡೋದು ಅಕ್ಕಾ" ಎಂದರು. "ನಮ್ಮನೆಯವ್ರು ಕುಡಿದ್ರೆ ಬರೀ ಗೋಡೆ ಓಡಾಡ್ತಿತ್ತು, ಬಣ್ಣ ಇರ್ಲಿಲ್ಲ ಬಿಡಿ" ಎಂದೆ. ನಿಮ್ಮ ಊರಿನ ವಿಮರ್ಶಕನೊಬ್ಬ ಮಾತ್ರ ಪ್ರತಿಧ್ವನಿ ಜಾಸ್ತಿಯಾಯಿತು, ಬಚ್ಚಲಲ್ಲಿ ಕೂತು ಹಾಡಿದ ಹಾಗಿದೆ ಎಂದನಂತೆ. ಅವನ ಬಾಯಿಗೆ ಮಣ್ಣು ಬೀಳ. ಆದರೆ ಹೊಗಳಿದವರೂ ತೆಗಳಿದವರೂ ಮೆಚ್ಚಿಕೊಂಡದ್ದು ಆರನೆಯ ಹಾಡನ್ನು, ನನ್ನ ಪೆಟ್ಟಿಗೆಯಲ್ಲಿ ನಿನಗೆ ಸಿಕ್ಕ ಹಳೆಯ ಕ್ಯಾಸೆಟ್ಟಿನ ಹೆಂಗಸಿನ ದನಿಯನ್ನು. ತಾಯಿಯ ಜೋಗುಳವಂತೆ, ಕೇಳಿದವರಿಗೆ ಹಿತವಾದ ನಿದ್ದೆ ಬರುತ್ತದಂತೆ. ಆಲ್ಬಮ್ಮಿನ ಹೊದಿಕೆಯಲ್ಲಿ ನನ್ನ ಹೆಸರು ನೋಡಿ ಬಿಷ್ಕೇಕಿನ ಪತ್ರಿಕೆಯ ಹುಡುಗಿ ಬಂದು ನನ್ನ ಫೋಟೋ ತೆಗೆದಳು. ನಾನೂ ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು, ಬೋರ್ಸೋಕ್ ಕರಿದಿಟ್ಟು, ಮದುವಣಗಿತ್ತಿಯ ಹಾಗೆ ಕೂತೆ.

ಕಂದಾ, ಆ ದನಿ ನನ್ನದಲ್ಲ. "ಅಮ್ಮಾ, ಇದು ನೀನೇನಾ?" ಎಂದು ನೀನು ಫೋನಿನಲ್ಲಿ ಕೇಳಿದಾಗ ಹ್ಞೂಂ ಅಂದುಬಿಟ್ಟೆ. ಅದು ಬುರುಲ್. ನನ್ನ ಸೊಸೆ, ನಿನ್ನನ್ನು ಹೆತ್ತವಳು. ಚೊಚ್ಚಲ ಮಗು ಅಜ್ಜ ಅಜ್ಜಿಯ ಪಾಲು ಎಂಬುದು ನಮ್ಮಲ್ಲಿ ಹೊಸತೇನಲ್ಲ. ನಲವತ್ತು ದಿನ ತುಂಬಿದ ಕೂಡಲೇ ತೊಟ್ಟಿಲ ಸಮೇತ ನಿನ್ನನ್ನು ನನ್ನ ಕೋಣೆಗೆ ತಂದೆ. ನೀನು ನನ್ನನ್ನು ಅಮ್ಮಾ ಎಂದೆ, ಅವಳನ್ನು ಅಕ್ಕಾ ಎಂದೆ. ನೀನು ಒಂಬತ್ತು ವರ್ಷದವಳಿದ್ದಾಗ ಅವಳು ತೀರಿಕೊಂಡಳು, ಅಕ್ಕನೆಂದೇ ಅವಳಿಗಾಗಿ ನೀನು ಅತ್ತೆ. ಬದುಕಿದ್ದಷ್ಟು ದಿನ ಅವಳು ನನಗೆ ಒಮ್ಮೆಯೂ ಎದುರಾಡಲಿಲ್ಲ.

ಹೋದ ಭಾನುವಾರ ಸಂತೆಯಲ್ಲಿ ಟ್ಯಾಕ್ಸಿಯವನೊಬ್ಬ ಆ ಹಾಡು ಹಾಕಿದ್ದ. ಸಾವಿನ ಮನೆಗಳಲ್ಲಿ ಹಾಡುವ ಉಮ್ಸುನ್ ಮುದುಕಿ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಯಾರೇ ಸತ್ತಿದ್ದು ಆಗ? ಇದು ಜೋಗುಳ ಅಲ್ಲ ಕಣೇ ಬಾತ್ಮಾ, ಹೆಣದ ಮುಂದೆ ಹಾಡೋದು" ಎಂದಳು. ನಿನ್ನ ಪ್ರತಿಧ್ವನಿಯಲ್ಲಿ ಮಾತೆಲ್ಲ ಕರಗಿಹೋಗಿದೆ, ಆದರೆ ಮುದುಕಿಯರಿಗೆ ಧಾಟಿಯೇ ಸಾಕು. ನನಗೆ ಮಾತೂ ಗೊತ್ತು. "ತೊಟ್ಟಿಲು ಹೊತ್ತುಕೊಂಡು ಹೋದರಲ್ಲೇ, ಉಸಿರಿರುವಾಗಲೇ ನನಗಿಲ್ಲವಾದೆಯಲ್ಲೇ" ಎಂದು ಬುರುಲ್, ಗೋಡೆಗೆ ಮುಖ ಮಾಡಿ ಕೂತು, ಸಾಯದ ಮಗುವಿಗೆ ಅತ್ತಿದ್ದಾಳೆ. ಆ ಕ್ಯಾಸೆಟ್ಟನ್ನು ಯಾಕೆ ಎಸೆಯಲಿಲ್ಲ ಎಂದು ಕೇಳಬೇಡ, ನನಗೂ ಗೊತ್ತಿಲ್ಲ. ಈಗ ಬಸ್ಸು ಹತ್ತಿದರೆ ಅವಳು, ಹಾಲಿನಂಗಡಿಗೆ ಹೋದರೆ ಒಳಗಿನಿಂದ ಅವಳು. ನಿನ್ನೆ ಒಲೆಯ ಮುಂದೆ ಕೂತು, ಯಾವ ಯಂತ್ರವೂ ಇಲ್ಲದೆ, ಕೇಳಿಸಿಕೊಂಡೆ. ಬೆರ್ಮೆತ್, ಇದನ್ನೆಲ್ಲ ಓದಿದ ಮೇಲೆ ನೀನು ನನ್ನನ್ನು ಏನೆಂದು ಕರೆಯುತ್ತೀಯೋ ಎಂದು ಭಯವಾಗುತ್ತಿದೆ.

ನಿನ್ನ ದಾರಿ ಬೆಳ್ಳಗಿರಲಿ, ನಿನ್ನ ಗಂಟಲು ಬೆಚ್ಚಗಿರಲಿ. ಮೇಷ್ಟ್ರು ಸಲಾಂ ಹೇಳಿದ್ದಾರೆ.

ನಿನ್ನ
ಬಾತ್ಮಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮೇಷ್ಟ್ರು ಇನ್ನೊಂದು ತಂದರು. ಲಂಡನ್ನಿನವನು ಬರೆದದ್ದು. ಆರನೆಯ ಹಾಡು ಸಾಲಿನ ನಡುವೆಯೇ ಟಕ್ ಎಂದು ನಿಂತುಬಿಡುತ್ತದೆ, ಇಡೀ ಆಲ್ಬಮ್ಮಿನಲ್ಲಿ ಅದಕ್ಕಿಂತ ಧೈರ್ಯದ ಕಲೆಗಾರಿಕೆ ಇಲ್ಲ ಎಂದಿದ್ದಾನೆ. ಕಂದಾ, ಅದು ನನ್ನ ಬೆರಳು. ಅಂದು ಬುರುಲ್ ಹಾಡುತ್ತಿದ್ದಾಗ ಬಾಗಿಲು ತಳ್ಳಿ ಒಳಗೆ ಹೋದವಳೇ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ, "ಬದುಕಿರೋ ಮಗುಗೆ ಸಾವಿನ ಹಾಡು ಹಾಡ್ತೀಯಾ? ಮುಚ್ಚು ಬಾಯಿ" ಎಂದೆ. ಆಮೇಲೆ ಅವಳು ಹಾಡಲೇ ಇಲ್ಲ. ಮುಂದಿನ ಸಲ ಆಲ್ಬಂ ಅಚ್ಚು ಹಾಕಿಸುವಾಗ, ತಾಯಿಯ ದನಿ ಎಂದು ನನ್ನ ಹೆಸರಿರುವಲ್ಲಿ ಬುರುಲಳ ಹೆಸರು ಬರೆಸು. ನನ್ನದೂ ಇರಲಿ ಅನ್ನಿಸಿದರೆ, ಆ ಟಕ್ ಎಂಬುದರ ಮುಂದೆ ಬರೆಸು.