ಕುಡಿಯಲು ಯೋಗ್ಯ

ಮಾರ್ಚ್ ೧೧, ಮಂಗಳವಾರ

ಹದಿನಾಲ್ಕು. ಬೆಳಗಿನಿಂದ ಈ ಸಂಖ್ಯೆ ತಲೆಯಿಂದ ಹೋಗುತ್ತಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲ್‌ನ ಬಾವಿ ನೀರನ್ನು ನಮ್ಮ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಸಿಕ್ಕ ಸೀಸದ ಪ್ರಮಾಣ ಅದು, ಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂಬ ಲೆಕ್ಕದಲ್ಲಿ. ಹೋದ ವರ್ಷವೂ ಅಷ್ಟೇ ಇತ್ತು. ಆಗ ಮಿತಿ ಹತ್ತು. "ಕುಡಿಯಲು ಯೋಗ್ಯವಲ್ಲ" ಎಂದು ಬರೆದಿದ್ದೆ. ಈ ತಿಂಗಳಿಂದ, ಮೇಲಿನಿಂದ ಬಂದ ಹೊಸ ಆದೇಶದಂತೆ, ಮಿತಿ ಇಪ್ಪತ್ತು.

"ನೀರು ಅದೇ ಅಲ್ವಾ ಸರ್?" ಎಂದು ಸಾಹೇಬರನ್ನು ಕೇಳಿದೆ.

"ನೀರು ಅದೇ. ಯೋಗ್ಯ ಅಂತ ಬರೀರಿ," ಎಂದರು, ಫೈಲಿನಿಂದ ತಲೆ ಎತ್ತದೆ. ಬರೆದು ಸಹಿ ಹಾಕಿದೆ.

ಅಲ್ಲಿಯವರೆಗಿನ ತಪ್ಪು ಆದೇಶದ್ದು ಎಂದುಕೊಳ್ಳಬಹುದಿತ್ತು. ಆಮೇಲೆ ವರದಿ ಒಯ್ಯಲು ಹಾಸ್ಟೆಲ್‌ನ ಅಡುಗೆಯವಳು ಬಂದಳು. ಅವಳ ಮಗಳೂ ಅಲ್ಲೇ ಇದ್ದು ಓದುತ್ತಾಳಂತೆ.

"ನಂಗೆ ಓದೋಕೆ ಬರಲ್ಲ ಅಕ್ಕಾ. ನಿಮ್ಮ ಮಗು ಆಗಿದ್ರೆ ಈ ನೀರು ಕುಡಿಸ್ತಿದ್ರಾ?"

"ಹೂಂ, ಕುಡಿಸ್ತಿದ್ದೆ," ಎಂದೆ.

ಹಾಗೆ ಹೇಳು ಎಂದು ಯಾರೂ ಆದೇಶ ಹೊರಡಿಸಿರಲಿಲ್ಲ. ಇದಕ್ಕಿಂತ ಕೆಳಗೆ ಇಳಿಯಲಾರೆ ಎನ್ನುವ ಒಂದು ಗೆರೆ ಒಳಗೆಲ್ಲೋ ಇರುತ್ತದೆ, ಸಮಯ ಬಂದಾಗ ಅದೇ ತಡೆಯುತ್ತದೆ ಎಂದು ಇಷ್ಟು ವರ್ಷ ನಂಬಿದ್ದೆ. ಏನೂ ತಡೆಯಲಿಲ್ಲ. ನಾಲಿಗೆ ಕೂಡ ತೊದಲಲಿಲ್ಲ. "ಸದ್ಯ, ದೂರದಿಂದ ನೀರು ಹೊತ್ತು ತರೋದು ತಪ್ಪಿತು," ಎಂದು ಅವಳು ನಕ್ಕಳು. ನಾನೂ ನಕ್ಕೆ.

ಆ ಗೆರೆ ಇಲ್ಲವೇ ಇಲ್ಲವೋ, ಇನ್ನೂ ಕೆಳಗೆಲ್ಲೋ ಇದೆಯೋ ತಿಳಿಯದು. ನಾಳೆ ಹೋಗಿ ಅವಳಿಗೆ ನಿಜ ಹೇಳಬಹುದು. ಹಾಸ್ಟೆಲ್‌ಗೆ ಬಸ್ಸಿನಲ್ಲಿ ಹತ್ತೇ ನಿಮಿಷ. ಹೋಗುವುದಿಲ್ಲ ಎಂದು ಈಗಲೇ ಗೊತ್ತು.