ಮೈದಾನದ ದೀಪ ಮತ್ತು ನಿನ್ನ ಭಾವ

೧೬ ನವೆಂಬರ್, ಭಾನುವಾರ

ಪ್ರೀತಿಯ ಪುಟ್ಟಿ,

ನೀನೂ ಮಕ್ಕಳೂ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಎರಡು ಪತ್ರ ಬಂದರೂ ಉತ್ತರ ಬರೆಯದ ಈ ಅಕ್ಕನನ್ನು ಎಷ್ಟು ಬೈದುಕೊಂಡಿರುತ್ತೀ ಎಂದು ಗೊತ್ತು. ಹೊಟ್ಟೆಗೆ ಹಾಕಿಕೋ. ಮೊದಲು ಒಂದು ಜಗಳದಲ್ಲಿ ಮುಳುಗಿದ್ದೆ, ಆಮೇಲೆ ಬರೆಯಲು ಕೂತರೆ ಹೆದರಿಕೆಯಾಗಿ ಎದ್ದುಬಿಟ್ಟೆ. ಈಗ ಆ ಹೆದರಿಕೆ ಇಲ್ಲ. ಅದಕ್ಕೇ ಮೊದಲು ಅದನ್ನೇ ಹೇಳಿಬಿಡುತ್ತೇನೆ. ನಿನ್ನ ಭಾವನ ಕಣ್ಣು ಹೋಗುವುದಿಲ್ಲ. ಬಂದಿರುವುದು ಪೊರೆ, ತೆಗೆದರೆ ಮೊದಲಿನ ಹಾಗೆ ಕಾಣುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಬರುವ ವಾರ ಒಂದು ಕಣ್ಣಿಗೆ ಆಪರೇಷನ್, ಸ್ವಲ್ಪ ದಿನ ಬಿಟ್ಟು ಇನ್ನೊಂದಕ್ಕೆ.

ಭಾವನ ಕಣ್ಣಿಗೆ ಏನಾಗಿತ್ತು, ನನಗೇಕೆ ಹೇಳಲಿಲ್ಲ ಎಂದು ನೀನು ಕೂಗಾಡುವುದು ಇಲ್ಲಿಗೇ ಕೇಳಿಸುತ್ತಿದೆ. ನನಗೇ ಗೊತ್ತಿರಲಿಲ್ಲ ಕಣೇ. ಗೊತ್ತಾಗಿದ್ದು ಪಾರ್ಕಿನ ದೀಪದ ಜಗಳದಿಂದ.

ನಮ್ಮ ಬೇಕರಿಯ ಹಿಂದಿನ ಖಾಲಿ ಜಾಗದಲ್ಲಿ ಹೊಸ ಪಾರ್ಕು ಆಗಿದೆ. ನಡುವೆ ಆಟದ ಮೈದಾನ, ಸುತ್ತ ಓಡಾಡುವ ದಾರಿ. ಹೆಂಗಸರ ಫುಟ್‌ಬಾಲ್ ತಂಡದ ಕೋಚ್ ಒಬ್ಬಳಿದ್ದಾಳೆ. ಕೊರಳಲ್ಲಿ ಸದಾ ಶಿಳ್ಳೆ ನೇತಾಡುವುದರಿಂದ ಬೀದಿಯವರಿಗೆಲ್ಲ ಅವಳು ಶಿಳ್ಳೆ ಮೇಡಂ. ಮೈದಾನಕ್ಕೆ ಎತ್ತರದ ಕಂಬ ನೆಟ್ಟು ದೊಡ್ಡ ದೀಪ ಹಾಕಿಸಬೇಕೆಂದು ಮೊದಲು ಹಟ ಹಿಡಿದವಳು ಅವಳೇ. "ನಮ್ಮವರು ಕೆಲಸ ಮುಗಿಸ್ಕೊಂಡು ಬರೋ ಹೊತ್ತಿಗೆ ಕತ್ತಲಾಗಿರುತ್ತೆ. ಬಾಲ್ ಕಾಣದೆ ಒಬ್ಬರ ಕಾಲು ಒಬ್ಬರು ಒದೀತಾರೆ" ಎನ್ನುವುದು ಅವಳ ವಾದ.

ನಾನು ಬೇಡವೆಂದೆ. ನಮ್ಮ ಮಲಗುವ ಕೋಣೆಯ ಕಿಟಕಿ ತೆರೆಯುವುದೇ ಮೈದಾನದ ಕಡೆಗೆ. ಊರೆಲ್ಲ ಊಟಕ್ಕೆ ಕೂರುವ ಹೊತ್ತಿಗೆ ನಾವು ಮಲಗುವವರು, ಊರು ಏಳುವ ಮೊದಲೇ ಎದ್ದು ಹಿಟ್ಟು ನಾದುವವರು. ಮುಖದ ಮೇಲೆ ಹಾಡಹಗಲಿನಂಥ ಬೆಳಕು ಬಿದ್ದರೆ ನಿದ್ದೆ ಎಲ್ಲಿಂದ ಬರಬೇಕು? ಮನೆಮನೆಗೆ ಹೋಗಿ ಜನರನ್ನು ಸೇರಿಸಿದೆ. ಅಂಗಡಿಗೆ ಬನ್ನು ಕೊಳ್ಳಲು ಬಂದವರನ್ನೂ ಬಿಡಲಿಲ್ಲ. ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳಿದೆ ಎಂದು ನಿನ್ನ ಹತ್ತಿರ ಒಪ್ಪಿಕೊಳ್ಳುತ್ತೇನೆ.

ಶಾಲೆಯ ಸಭಾಂಗಣದಲ್ಲಿ ಸಭೆ. ಅಧ್ಯಕ್ಷರು ನಮ್ಮ ಬೀದಿಯ ಹಲ್ಲಿನ ಡಾಕ್ಟರು. ಬಾಯಿ ತೆರೆಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಮುಚ್ಚಿಸುವುದು ಮಾತ್ರ ಬರುವುದಿಲ್ಲ. ಅರ್ಧ ದಿನ ಕೂಗಾಟ. ಕೊನೆಗೆ ದೀಪ ಬೇಕೆನ್ನುವವರು ಕೈಯೆತ್ತಿ ಎಂದರು. ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದ ನಿನ್ನ ಭಾವ ಕೈಯೆತ್ತಿದರು.

ಇಡೀ ಸಭೆ ನನ್ನ ಮುಖ ನೋಡಿತು. ಶಿಳ್ಳೆ ಮೇಡಂ ಕೂಡ ಪಾಪ ಅನ್ನುವ ಹಾಗೆ ನೋಡಿದಳು. ಮುಂದಿನ ಭಾನುವಾರ ಮತ್ತೆ ಸೇರೋಣವೆಂದು ಅಧ್ಯಕ್ಷರು ಸಭೆ ಮುಗಿಸಿದರು. ನಾನು ಮುಖ ಊದಿಸಿಕೊಂಡು ಮನೆಗೆ ಬಂದೆ. ಅಂದು ಮಾತಿಲ್ಲ, ಮರುದಿನ ಬೆಳಿಗ್ಗೆಯೂ ಇಲ್ಲ. ಮಧ್ಯಾಹ್ನ ಬ್ರೆಡ್ಡಿನ ಅಚ್ಚುಗಳಿಗೆ ಎಣ್ಣೆ ಸವರುತ್ತಾ ಕೂತಾಗ ತಡೆಯಲಾಗಲಿಲ್ಲ.

"ನಾನು ಬೀದಿ ಬೀದಿ ಅಲೆದು ಬೇಡ ಅಂದಿದ್ದಕ್ಕೆ ನೀವು ಬೇಕು ಅಂತೀರಲ್ಲ. ಆ ಮೇಡಂ ಏನು ನಿಮಗೆ ಚಿಕ್ಕಮ್ಮನ ಮಗಳಾ?" ಎಂದೆ.

ಅವರು ಸವರುತ್ತಲೇ ಇದ್ದರು. ಆಮೇಲೆ, "ಕತ್ತಲಾಗ್ತಾ ಬಂದ್ರೆ ದಾರಿ ಕಾಣಲ್ಲ ಕಣೇ. ದೀಪ ಬಂದ್ರೆ ಸಂಜೆ ಹೊತ್ತು ಧೈರ್ಯವಾಗಿ ಓಡಾಡಬಹುದು ಅನ್ನಿಸ್ತು" ಎಂದರು.

"ಎಷ್ಟು ದಿನದಿಂದ?"

"ಬೇಸಿಗೆಗೂ ಮುಂಚೆಯಿಂದ. ಅಪ್ಪನಿಗೂ ಹೀಗೇ ಶುರುವಾಗಿದ್ದು. ಹೇಳಿದ್ರೆ ನೀನು ನನ್ನನ್ನ ಓವನ್ ಹತ್ರ ಬಿಡ್ತಿರಲಿಲ್ಲ."

ನಮ್ಮ ಮಾವನವರು ನಿನಗೆ ನೆನಪಿರಬೇಕು, ಕೊನೆಗಾಲದಲ್ಲಿ ಮೊಮ್ಮಕ್ಕಳ ಮುಖ ತಡವಿ ಗುರುತು ಹಿಡಿಯುತ್ತಿದ್ದರು. ನಿನ್ನ ಭಾವನ ತಲೆಯಲ್ಲಿದ್ದದ್ದು ಅದೇ. ಬ್ರೆಡ್ಡಿನ ಸಮಾಚಾರ ಆಗ ನನಗೆ ಅರ್ಥವಾಯಿತು. ಇವರು ಗಡಿಯಾರ ನೋಡಿ ಬ್ರೆಡ್ ತೆಗೆಯುವವರಲ್ಲ, ಮೇಲಿನ ಬಣ್ಣ ನೋಡಿ ತೆಗೆಯುವವರು. ಈಚೆಗೆ ಒಂದು ದಿನ ಬಿಳಿಚಿಕೊಂಡಿದ್ದರೆ ಇನ್ನೊಂದು ದಿನ ಸೀದಿರುತ್ತಿತ್ತು. ನಾನು ಓವನ್ನಿಗೆ ಬೈದು, ರಿಪೇರಿಯವನಿಗೆ ಬೈದು, ಒಳಗಿನ ಅರ್ಧ ಸಾಮಾನು ಬದಲಾಯಿಸಿದ್ದೆ. ರಿಪೇರಿಯವನು, "ಅಮ್ಮ, ಓವನ್ ನನಗಿಂತ ಗಟ್ಟಿಯಾಗಿದೆ" ಎಂದು ಗೋಳಾಡಿದರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಇವರು ಅದನ್ನೆಲ್ಲ ನೋಡುತ್ತಾ ತೆಪ್ಪಗಿದ್ದರು.

ಆ ವಾರವೇ ಅಂಗಡಿ ಮುಚ್ಚಿ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಪರೀಕ್ಷೆ ಮುಗಿಯುವವರೆಗೆ ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ತಂದೆಗೆ ಬಂದಿದ್ದೇ ಬೇರೆ, ಇದೇ ಬೇರೆ ಎಂದು ಡಾಕ್ಟರು ಹೇಳಿದಾಗ ನಿನ್ನ ಭಾವ ಕರವಸ್ತ್ರ ತೆಗೆದು ಕನ್ನಡಕ ಒರೆಸಿದರು, ಒರೆಸಿದರು, ಒರೆಸುತ್ತಲೇ ಇದ್ದರು. ನಾನಂತೂ ನಾಚಿಕೆ ಬಿಟ್ಟು ಅಲ್ಲೇ ಅತ್ತೆ. ಎದೆಯ ಮೇಲಿನ ಚಪ್ಪಡಿ ಎತ್ತಿಟ್ಟ ಹಾಗಾಯಿತು.

ಮುಂದಿನ ಸಭೆಯಲ್ಲಿ ಮೊದಲು ಎದ್ದವಳು ನಾನೇ. ದೀಪ ಬರಲಿ, ಆದರೆ ತಲೆಗೆ ಮುಚ್ಚಳವಿದ್ದು ಬೆಳಕು ನೆಲಕ್ಕೇ ಬೀಳಲಿ, ಓಡಾಡುವ ದಾರಿಗೂ ಗಿಡ್ಡ ದೀಪ ಹಾಕಿ, ಆಟ ಮುಗಿದ ಕೂಡಲೇ ಮೈದಾನದ್ದು ಆರಿಸಿ ಎಂದೆ. ಕಣ್ಣಿಗೆ ರಾಚುವ ಬೆಳಕು ಪೊರೆಯವರಿಗೆ ಆಗುವುದಿಲ್ಲವೆಂದು ಕಣ್ಣಿನ ಡಾಕ್ಟರು ಹೇಳಿದ್ದು ನನ್ನ ನೆರವಿಗೆ ಬಂತು.

"ಹೋದ ವಾರ ಬೇಡ ಅಂದವರು ನೀವೇ ಅಲ್ವಾ?" ಎಂದರು ಹಲ್ಲಿನ ಡಾಕ್ಟರು.

"ಬೇಡ ಅಂದಿದ್ದೂ ನಾನೇ, ಬೇಕು ಅಂತಿರೋದೂ ನಾನೇ. ಬರ್ಕೊಳ್ಳಿ" ಎಂದೆ. ಶಿಳ್ಳೆ ಮೇಡಂ ಎದ್ದು ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಶಿಳ್ಳೆ ನನ್ನ ಎದೆಗೆ ಒತ್ತಿ ಎರಡು ದಿನ ನೋವಿತ್ತು.

ಹೋದ ವಾರ ದೀಪ ಹತ್ತಿತು. ಕಿಟಕಿಗೆ ದಪ್ಪ ಪರದೆ ಹಾಕಿದ್ದೇನೆ, ನಿದ್ದೆಗೇನೂ ತೊಂದರೆಯಿಲ್ಲ. ಆಪರೇಷನ್ ಆಗುವವರೆಗೆ ಬ್ರೆಡ್ಡಿನ ಬಣ್ಣ ನೋಡುವುದು ನಾನು, ಪಕ್ಕದಲ್ಲಿ ನಿಂತು ತಪ್ಪು ಹುಡುಕುವುದು ಅವರು. ಮನೆಯಲ್ಲಿ ಮತ್ತೆ ನಗು ಕೇಳಿಸುತ್ತಿದೆ ಪುಟ್ಟಿ.

ಮಕ್ಕಳಿಗೆ ದೊಡ್ಡಮ್ಮನ ಮುತ್ತು. ನೀವೆಲ್ಲ ನೂರು ಕಾಲ ಕಣ್ತುಂಬ ಒಬ್ಬರನ್ನೊಬ್ಬರು ನೋಡಿಕೊಂಡು ಬಾಳಿ.

ನಿನ್ನ
ಅಕ್ಕ

ತಾ. ಕ.: ಇಷ್ಟು ವರ್ಷ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆಯುತ್ತಿದ್ದ ನಿನ್ನ ಭಾವ ಈಗ ಸಂಜೆ ವಾಕಿಂಗಿನಲ್ಲಿ ನನ್ನ ಕೈ ಹಿಡಿದುಕೊಂಡೇ ನಡೆಯುತ್ತಾರೆ ಎಂದು ಬೇಸಿಗೆಯಲ್ಲಿ ನಿನಗೆ ಜಂಬ ಕೊಚ್ಚಿ ಬರೆದಿದ್ದೆನಲ್ಲ. ಅದನ್ನು ಓದಿ ನಿನಗೆ ಹೊಟ್ಟೆಕಿಚ್ಚಾಯಿತು ಎಂದು ನೀನೂ ಬರೆದಿದ್ದೆ. ದಾರಿಗೆ ದೀಪ ಬಂದ ಮೇಲೆ ಅವರು ಒಂದು ದಿನವೂ ನನ್ನ ಕೈ ಹಿಡಿದಿಲ್ಲ. ನಿನ್ನೆ ಸರಸರನೆ ಮುಂದೆ ಹೋಗಿ, ತಿರುವಿನಲ್ಲಿ ನಿಂತು, "ಬೇಗ ಬಾರೇ" ಎಂದರು. ಎಷ್ಟು ಖುಷಿಯಲ್ಲಿದ್ದರು ಗೊತ್ತಾ. ನನಗೂ ಖುಷಿಯೇ, ಸುಳ್ಳು ಹೇಳುತ್ತಿಲ್ಲ. ಆದರೆ ಆ ಬೇಸಿಗೆಯ ಪತ್ರವನ್ನು ಹರಿದು ಹಾಕಿಬಿಡು.