ಕೊಳವೆಯ ತುದಿ

ಮಾರ್ಚ್ ೧೪, ರಾತ್ರಿ. ಆಸ್ಪತ್ರೆಯಲ್ಲಿ.

ಆಗಲೇ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಸಂಜೆ ಅಮ್ಮನ ಎಡಗೈಗೆ ಕ್ಯಾನುಲಾ, ಅಂದರೆ ಒಳಗೆ ಸೂಜಿಯಿರುವ ಡ್ರಿಪ್ ಕೊಳವೆ, ಹಾಕುವಾಗ ನರ್ಸ್‌ಗೆ ರಕ್ತನಾಳ ಸಿಗಲಿಲ್ಲ. ಕೊಳವೆಯನ್ನು ಒಳಗೇ ಬಿಟ್ಟು ಸೂಜಿಯನ್ನಷ್ಟೇ ಹಿಂದಕ್ಕೆಳೆದರು, ಮತ್ತೆ ಅದರೊಳಗೇ ತೂರಿಸಿದರು. ಕ್ಯಾನುಲಾ ಕಾರ್ಖಾನೆಯಲ್ಲಿ ದಿನವಿಡೀ ಈ ತುದಿಗಳನ್ನೇ ಭೂತಗನ್ನಡಿಯಲ್ಲಿ ನೋಡುವವಳು ನಾನು. ಹಾಗೆ ತೂರಿಸಿದರೆ ಸೂಜಿ ಆ ಮೆತ್ತನೆಯ ಕೊಳವೆಯನ್ನು ಕತ್ತರಿಸಬಹುದು. ತುಂಡು ರಕ್ತದ ಜೊತೆ ಎದೆಯವರೆಗೂ ಹೋಗಬಹುದು.

ಕೊನೆಗೆ ಅದನ್ನು ಕಿತ್ತು ಬಳಸಿದ ಸೂಜಿಗಳ ಡಬ್ಬಿಗೆ ಹಾಕಿ, ಬಲಗೈಗೆ ಹೊಸದನ್ನು ಚುಚ್ಚಿದರು. ಕಿತ್ತದ್ದರ ತುದಿ ಪೂರ್ತಿ ಇತ್ತೇ? ಅವರು ನೋಡಲಿಲ್ಲ. ನನಗೆ ಕಾಣಲಿಲ್ಲ. ಆಮೇಲೆ ಅಮ್ಮನ ಎಡಗೈಯನ್ನೇ ನೋಡುತ್ತ ಕೂತೆ.

“ಏನೇ, ನನ್ ಕೈಯಲ್ಲಿ ಕಾದಂಬರಿ ಓದ್ತಿದ್ದೀಯಾ? ಮಲಗು,” ಅಂದಳು ಅಮ್ಮ.

“ನೋವಿದೆಯಾ?”

“ಚುಚ್ಚಿದ್ರೆ ನೋಯದೆ ಕಚಗುಳಿ ಆಗುತ್ತಾ?”

ಈಗ ನಿದ್ದೆ ಹೋಗಿದ್ದಾಳೆ. ಅವಳ ಉಸಿರು ತುಸು ತಡವಾದರೂ ಎದ್ದು ಬಗ್ಗಿ ನೋಡುತ್ತೇನೆ. ಅನುಮಾನ ಸುಳ್ಳಾದರೆ ನರ್ಸ್‌ಗೆ ಹೇಗೆ ಮುಖ ತೋರಿಸಲಿ ಎಂದು ಇಷ್ಟು ಹೊತ್ತು ಕೂತೆ. ನಿಜವಾದರೆ?

ಆ ಸೂಜಿ ಡಬ್ಬಿಗಳನ್ನು ಒಯ್ಯುವ ಗಾಡಿ ಪಕ್ಕದ ವಾರ್ಡಿಗೆ ಬಂದಿದೆ. ಅದನ್ನು ತಡೆದು ಕಿತ್ತ ಕೊಳವೆಯ ತುದಿ ನೋಡಬೇಕು, ಡಾಕ್ಟರನ್ನು ಎಬ್ಬಿಸಬೇಕು. ಏನೆಂದು ಶುರುಮಾಡಲಿ? ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ ಎಂದಲ್ಲ. ಮೊದಲು ಅಮ್ಮನ ಕೈ ನೋಡಿ ಎಂದು. ಗಾಡಿ ನಮ್ಮ ಬಾಗಿಲ ಹತ್ತಿರ ಬಂತು. ಪೆನ್ನು ಇಟ್ಟು ಏಳುತ್ತೇನೆ.